ಪೆನ್ ಡ್ರೈವಿಗೆ ಕಟ್ಟಿದ ದಾರ

ಅಪ್ಪನ ಕಂಪ್ಯೂಟರ್ ಕಂಡರೆ ನನಗೆ ಮೊದಲಿನಿಂದಲೂ ಹೇಸಿಗೆ. ಸಿಟ್ಟು ಯಂತ್ರದ ಮೇಲಲ್ಲ, ಅದನ್ನು ನಮ್ಮ ಮನೆಯವರು ಇಟ್ಟುಕೊಂಡಿರುವ ರೀತಿಯ ಮೇಲೆ. ಛತ್ರಪತಿ ಸಂಭಾಜಿನಗರದ ಆ ಎರಡು ಕೋಣೆಯ ಮನೆಯಲ್ಲಿ ಅದಕ್ಕೆ ಸಿಕ್ಕಿರುವ ಜಾಗ ದೇವರ ಜಗಲಿಯ ಪಕ್ಕ. ಬೆಳಿಗ್ಗೆ ಊದುಬತ್ತಿಯ ಬೂದಿ ಅದರ ಮೇಲೆ ಉದುರುತ್ತದೆ. ಸಂಜೆ ದೀಪಕ್ಕೆ ಎಣ್ಣೆ ಹಾಕಿದ ಅವ್ವ, ಮೇಲೇಳುವಾಗ ಅದನ್ನೇ ಹಿಡಿದುಕೊಂಡು ಏಳುತ್ತಾಳೆ. ಆ ಜಿಡ್ಡಿನ ಮೇಲೆ ಧೂಳು ಕೂತು, ಧೂಳಿನ ಮೇಲೆ ಮತ್ತೆ ಜಿಡ್ಡು ಕೂತು, ಕ್ಯಾಬಿನೆಟ್ಟಿನ ಬಣ್ಣ ಮೂಲದಲ್ಲಿ ಯಾವುದಿತ್ತು ಎಂಬುದು ಮರೆತುಹೋಗಿದೆ. ಒಮ್ಮೆ ಕೀಬೋರ್ಡನ್ನು ಬೋರಲು ಹಾಕಿ ಬಡಿದಾಗ ಚೂಡಾದ ಸೇವು, ಶೇಂಗಾದ ಸಿಪ್ಪೆ, ಉಗುರಿನ ಚೂರು, ಹಲ್ಲಿಯ ಹಿಕ್ಕೆ ಎಲ್ಲ ಒಟ್ಟಿಗೆ ಉದುರಿದವು. ಅವ್ವ ನಕ್ಕು, "ಇರಿವಿಗಿ ಒಂದ್ ತಿಂಗಳ ಊಟ ಆಯ್ತು ನೋಡು" ಎಂದಳು. ನಾನು ಕೈ ತೊಳೆಯಲು ಹೋದೆ.

ನಾನು ಇರುವುದು ನಾಸಿಕದಲ್ಲಿ. ಕೆಲಸ ದಿಂಡೋರಿಯ ಒಂದು ವೈನ್ ಕಂಪನಿಯಲ್ಲಿ. ಬಾಟಲಿಗೆ ಅಂಟಿಸುವ ಲೇಬಲ್ ಮುದ್ರಿಸುವ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತೇನೆ. ವಿಭೂತಿ ಹಚ್ಚುವ ಮನೆಯ ಮಗಳು ಇಂಥಲ್ಲಿ ಕೆಲಸಕ್ಕಿದ್ದಾಳೆಂದು ಊರಿಗೆ ಹೇಳುವುದು ಹೇಗೆ? ಬೀದರ ಕಡೆಯ ನೆಂಟರು ಕೇಳಿದರೆ ಅವ್ವ "ದ್ರಾಕ್ಷಿ ಕಂಪನಿ" ಎಂದು ಹೇಳಿ ಮಾತು ಬದಲಿಸುತ್ತಾಳೆ. ಅಲ್ಲಿ ಬಾಟಲಿ ತುಂಬುವ ಕೋಣೆಗೆ ತಲೆಗೆ ಟೊಪ್ಪಿಗೆ ಹಾಕದೆ ಹೋಗುವಂತಿಲ್ಲ, ನೆಲದ ಮೇಲೆ ಒಂದು ಕೂದಲು ಬಿದ್ದರೂ ಯಾರೋ ಒಬ್ಬರು ಬಂದು ಎತ್ತುತ್ತಾರೆ. ಆ ಶುಚಿ ನನ್ನ ತಲೆಗೆ ಏರಿತ್ತು. ಅಪ್ಪನ ಮನೆಗೆ ಬಂದಾಗಲೆಲ್ಲ ಮೂಗು ಮುರಿಯುವುದನ್ನೇ ಒಂದು ವಿದ್ಯೆ ಎಂದುಕೊಂಡಿದ್ದೆ.

ಆದರೆ ಆ ಕೊಳಕು ಯಂತ್ರದಿಂದಲೇ ಅಪ್ಪನಿಗೆ ಆ ಊರಿನಲ್ಲಿ ಒಂದು ಬೆಲೆ ಇತ್ತು. ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಅವರು ಕನ್ನಡ ಟೈಪಿಂಗ್ ಕಲಿತರು. ಅಲ್ಲಿನ ಪ್ರೆಸ್ಸುಗಳಲ್ಲಿ ಮರಾಠಿ ಸಿಗುತ್ತದೆ, ಹಿಂದಿ, ಉರ್ದು, ಇಂಗ್ಲಿಷ್ ಸಿಗುತ್ತವೆ. ಕನ್ನಡ ಮಾಡಿಕೊಡುವವರು ಅಪ್ಪನ ಪರಿಚಯದಲ್ಲಿ ಯಾರೂ ಇರಲಿಲ್ಲ. ಬೀದರ, ಕಲಬುರಗಿ ಕಡೆಯ ಅಂಗಡಿಯವರು, ನೌಕರಿಯವರು, ಊರಾಚೆಯ ಬಿಡಕಿನ್‌ನಲ್ಲಿ ಹೊಸ ಕಾರ್ಖಾನೆಗಳಿಗೆ ಗೋಡೆ ಎಬ್ಬಿಸುವವರು, ಎಲ್ಲರಿಗೂ ಲಗ್ನಪತ್ರಿಕೆಯ ಒಂದು ಮಗ್ಗುಲಾದರೂ ಕನ್ನಡದಲ್ಲಿ ಬೇಕು. ಊರಲ್ಲಿರುವ ಹಿರಿಯರು ಓದಬೇಕಲ್ಲ. ಅವರೆಲ್ಲ ಅಪ್ಪನ ಹತ್ತಿರ ಬರುತ್ತಿದ್ದರು. ಅಪ್ಪ ಒಂದೇ ಬೆರಳಿನಲ್ಲಿ ಟೈಪ್ ಮಾಡಿ, ಪೆನ್ ಡ್ರೈವಿಗೆ ಹಾಕಿ, ಸ್ಕೂಟರ್ ಮೇಲೆ ತಾವೇ ಪ್ರೆಸ್ಸಿಗೆ ಒಯ್ದು ಕೊಡುತ್ತಿದ್ದರು. ಯಾರಿಂದಲೂ ಏನೂ ಮುಟ್ಟುತ್ತಿರಲಿಲ್ಲ. ಮದುವೆ, ವಾಸ್ತುಶಾಂತಿ, ತೊಟ್ಟಿಲು, ಶಿವಗಣಾರಾಧನೆ, ಆ ಊರಿನ ಕನ್ನಡದವರ ಸುಖದುಃಖವೆಲ್ಲ ಅವರ ಹಾರ್ಡ್ ಡಿಸ್ಕಿನಲ್ಲಿ ಕೂತಿತ್ತು. ಓಣಿಯಲ್ಲಿ ಅವರನ್ನು ಪತ್ರಿಕಿ ಕಾಕಾ ಎನ್ನುತ್ತಿದ್ದರು. ಆ ಹೆಸರು ಕೇಳಿದಾಗ ಅಪ್ಪ ಕೇಳಿಸದವರಂತೆ ನಟಿಸುತ್ತಿದ್ದರು. ಕಿವಿ ಮಾತ್ರ ಕೆಂಪಾಗುತ್ತಿತ್ತು.

ಇನ್ನು ನನ್ನ ಘನಂದಾರಿ ಕೆಲಸ. ಅದನ್ನು ಈಗಲೇ ಹೇಳಿಬಿಡುತ್ತೇನೆ, ಕೊನೆಯತನಕ ಮುಚ್ಚಿಟ್ಟುಕೊಂಡು ಜಾಣತನ ತೋರಿಸುವಷ್ಟು ಮುಖ ನನಗೆ ಉಳಿದಿಲ್ಲ. ಹಿಂದಿನ ವರ್ಷ ಅಪ್ಪನ ಕಂಪ್ಯೂಟರ್ ಬಹಳ ನಿಧಾನವಾಗಿತ್ತು. ನಾನು ಹೋಗಿ ಪೆನ್ ಡ್ರೈವಿನಿಂದ ಹೊಸದಾಗಿ ಸಿಸ್ಟಮ್ ಹಾಕಿದೆ. ಕಂಪ್ಯೂಟರ್ ಎಚ್ಚರವಾದ ಕೂಡಲೇ ತನ್ನ ಸಿಸ್ಟಮ್ ಎಲ್ಲಿದೆ ಎಂದು ಹುಡುಕುತ್ತದೆ. ಮೊದಲು ಎಲ್ಲಿ ನೋಡಬೇಕು, ಆಮೇಲೆ ಎಲ್ಲಿ ಎಂಬ ಸರದಿಯನ್ನು ನಾವೇ ಬರೆದಿಡಬೇಕು. ಇದಕ್ಕೆ ಬೂಟ್ ಆರ್ಡರ್ ಎನ್ನುತ್ತಾರೆ. ದಿನದ ಬಳಕೆಗೆ ಹಾರ್ಡ್ ಡಿಸ್ಕ್ ಮೊದಲಿರಬೇಕು. ಹೊಸದಾಗಿ ಸಿಸ್ಟಮ್ ಹಾಕುವ ದಿನ ಮಾತ್ರ ಪೆನ್ ಡ್ರೈವನ್ನು ಮೇಲಕ್ಕೆ ತರಬೇಕು, ಕೆಲಸ ಮುಗಿದ ಮೇಲೆ ಕೆಳಕ್ಕೆ ಇಳಿಸಬೇಕು. ನಾನು ಮೇಲಕ್ಕೆ ತಂದೆ. ಇಳಿಸಲಿಲ್ಲ. ನಾಸಿಕದ ಬಸ್ಸಿಗೆ ಹೊತ್ತಾಗಿತ್ತು, ಮುಂದಿನ ಸಲಕ್ಕೆ ಇದ್ದರೆ ಒಳ್ಳೆಯದೇ ಎಂದುಕೊಂಡೆ. ಅಪ್ಪನಿಗೆ ಮಾತ್ರ ಬಾಗಿಲಲ್ಲಿ ನಿಂತು ಜೋರು ಮಾಡಿದೆ: "ಕೆಲಸ ಮುಗಿದ ಕೂಡ್ಲೆ ಪೆನ್ ಡ್ರೈವ್ ತೆಗೀರಿ. ಬ್ಯಾರೆ ಏನೂ ಮುಟ್ಟಬ್ಯಾಡ್ರಿ."

ಅಪ್ಪ ಒಂದು ವರ್ಷ ಪೂರ್ತಿ ಹೇಳಿದಂತೆ ಕೇಳಿದರು. ಕೆಲಸ ಮುಗಿದ ಮೇಲೆ ಪೆನ್ ಡ್ರೈವ್ ತೆಗೆದು ಕನ್ನಡಕದ ಡಬ್ಬಿಯಲ್ಲಿ ಇಡುತ್ತಿದ್ದರು. ಹಾಗಾಗಿ ನನ್ನ ಎಡವಟ್ಟು ಒಂದು ವರ್ಷ ಅಡಗಿ ಕೂತಿತ್ತು.

ಆಮೇಲೆ ಖಂಡೆ ಪೂಜೆ ಬಂತು. ದಸರೆಯ ಹಿಂದಿನ ದಿನ ನಮ್ಮ ಮನೆಯಲ್ಲಿ ಕೆಲಸದ ಹತಾರಗಳಿಗೆಲ್ಲ ಪೂಜೆ. ಈಳಿಗೆ, ಹೊಲಿಗೆ ಯಂತ್ರ, ಸ್ಕೂಟರ್, ಮಿಕ್ಸರ್, ಎಲ್ಲಕ್ಕೂ ಅರಿಶಿನ, ಕುಂಕುಮ, ವಿಭೂತಿ, ಚೆಂಡು ಹೂವು, ಕೆಂಪು ದಾರ. ಆ ದಾರದ ಬಗ್ಗೆ ಅವ್ವನದು ಒಂದು ಕಟ್ಟುನಿಟ್ಟು. ಅದು ತಾನಾಗಿ ಸವೆದು ಹರಿಯಬೇಕು, ಯಾರೂ ಬಿಚ್ಚಬಾರದು, ಕತ್ತರಿಸಬಾರದು. ನಮ್ಮ ಸ್ಕೂಟರಿನ ಹ್ಯಾಂಡಲ್ಲಿನಲ್ಲಿ ಮೂರು ದಸರೆಯ ದಾರಗಳು ಎಣ್ಣೆ ಕುಡಿದು ಕಪ್ಪಾಗಿ ಇನ್ನೂ ನೇತಾಡುತ್ತಿವೆ, ನೋಡಿದರೆ ವಾಕರಿಕೆ ಬರುತ್ತದೆ. ಈ ಸಲ ಅವ್ವನಿಗೆ ಕಂಪ್ಯೂಟರಿನ ಪೂಜೆ ಮಾಡುವಾಗ ಪೆನ್ ಡ್ರೈವ್ ನೆನಪಾಗಿದೆ. ಅದೂ ಹತಾರವೇ, ಅದರಲ್ಲೇ ಅಲ್ಲವೇ ಪತ್ರಿಕೆಗಳು ಪ್ರೆಸ್ಸಿಗೆ ಹೋಗುವುದು? ಹತಾರ ಮತ್ತು ಅದರ ಹಿಡಿ ಬೇರೆ ಬೇರೆ ಇಟ್ಟು ಪೂಜೆ ಮಾಡಬಾರದೆಂದು ಅದನ್ನು ಕಂಪ್ಯೂಟರಿಗೆ ಚುಚ್ಚಿ, ಕುಂಕುಮ ಮೆತ್ತಿ, ಎರಡನ್ನೂ ಸೇರಿಸಿ ದಾರ ಸುತ್ತಿದಳು. ಮೂರು ಸುತ್ತು, ಮೂರು ಗಂಟು. ಅದರ ಮೇಲೆ ಹೂವಿನ ಹಾರ.

ದಸರೆ ಮುಗಿದ ಮರುದಿನ ಅಪ್ಪ ಕಂಪ್ಯೂಟರ್ ಹಚ್ಚಿದರು. ಅದು ನಾನು ಬರೆದಿಟ್ಟ ಸರದಿಯಂತೆ ಮೊದಲು ಪೆನ್ ಡ್ರೈವಿಗೆ ಹೋಯಿತು. ಅಲ್ಲಿ ಇದ್ದದ್ದು ಲಗ್ನಪತ್ರಿಕೆಗಳು, ಸಿಸ್ಟಮ್ ಅಲ್ಲ. ಹೊಸ ಯಂತ್ರವಾಗಿದ್ದರೆ ಮುಂದಿನದಕ್ಕೆ ಹೋಗುತ್ತಿತ್ತೇನೋ. ನಮ್ಮ ಹಳೆಯದು, ಪಂಕ್ತಿಯಲ್ಲಿ ಮೊದಲನೆಯ ಎಲೆಗೆ ಅನ್ನ ಬೀಳದಿದ್ದರೆ ಮುನಿಸಿಕೊಳ್ಳುವ ಬೀಗರಂತೆ ಅಲ್ಲೇ ಕೂತುಬಿಟ್ಟಿತು. ಅಪ್ಪ ನನಗೆ ಫೋನ್ ಮಾಡಿದರು. ಮಗಳಾದ ನನ್ನನ್ನೂ ಅವರು ಅವ್ವ ಎಂದೇ ಕರೆಯುತ್ತಾರೆ.

"ಏನೋ ಆಗ್ಯಾದ ಅವ್ವ. ಪೂರಾ ಕರ್ರಗ ಬಂದದ. ಸಿಸ್ಟಮ್ ಸಿಗವಲ್ದು ಅಂತ ಇಂಗ್ಲೀಷದಾಗ ಒಂದ್ ಸಾಲ ಬರ್ಲತ್ತದ."

"ಏನ್ ಒತ್ತಿದ್ರಿ?"

"ದಿನಾ ಒತ್ತೂದೇ ಒತ್ತೀನಿ. ನಿನ್ನಿ ಮೊನ್ನಿ ಖಂಡೆ ಪೂಜಿಗಿ ನಿಮ್ಮವ್ವ..."

"ಪೂಜಿ ಗೀಜಿ ಬ್ಯಾಡಪ್ಪಾ. ನೀವು ಏನ್ ಒತ್ತಿದ್ರಿ ಅದು ಹೇಳ್ರಿ. ಏನೂ ಒತ್ತಲ್ದೆ ಹಂಗ ಆಗಂಗಿಲ್ಲ."

ಅಪ್ಪ ಬಹಳ ಸಣ್ಣ ದನಿಯಲ್ಲಿ, "ಏನರೆ ಒತ್ತಿರಬೇಕು ತಗೋ. ಈಗೀಗ ಕೈ ನಡಗ್ತಾವ" ಎಂದರು.

ಅದೇ ವಾರ ಕಂಪನಿಯಲ್ಲಿ ಬಾಟಲಿ ತುಂಬುವ ವಿಭಾಗದ ಸಾಹೇಬರು ಇದೇ ದೂರು ಹೇಳಿದಾಗ ನಾನು ಎಷ್ಟು ಮೆತ್ತಗೆ ಕೇಳಿದೆ ಎಂದರೆ, ನೆನಸಿಕೊಂಡರೆ ನನ್ನ ಮೇಲೆ ನನಗೇ ಉಗುಳಬೇಕೆನಿಸುತ್ತದೆ. "ಸರ್, ಕಂಪ್ಯೂಟರಿಗೆ ಪೆನ್ ಡ್ರೈವ್ ಏನಾದರೂ ಚುಚ್ಚಿದ್ದೀರಾ, ಸ್ವಲ್ಪ ನೋಡಿ ಹೇಳುತ್ತೀರಾ?" ಚುಚ್ಚಿದ್ದರು. ತೆಗೆದರು, ಸರಿಹೋಯಿತು. ಆ ಒಂದು ಪ್ರಶ್ನೆಯನ್ನು ಅಪ್ಪನಿಗೆ ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಅಪ್ಪ ಹೇಳಲು ಹೊರಟಾಗಲೂ ಬಾಯಿ ಮುಚ್ಚಿಸಿದೆ. ಸಾಹೇಬರು ತಪ್ಪು ಮಾಡಿದರೆ ಅದು ಯಂತ್ರದ ತೊಂದರೆ, ಅಪ್ಪನ ಯಂತ್ರ ಕೆಟ್ಟರೆ ಅದು ಅಪ್ಪನ ತಪ್ಪು. ನನ್ನ ತಲೆಯೊಳಗಿನ ಸರದಿ ಅದಾಗಿತ್ತು.

ನಾನು ಬರುವುದು ತಡವಾಗುತ್ತದೆಂದು ಅಪ್ಪ ರಿಪೇರಿಯವನೊಬ್ಬನನ್ನು ಕರೆಸಿದರು. ಅವನ ವಿಷಯ ಅವ್ವ ಆಮೇಲೆ ಹೇಳಿದ್ದು. ಬಾಯಿ ತುಂಬ ತಂಬಾಕು ಅಡಿಕೆಯ ಮಾವಾ ತುಂಬಿಕೊಂಡು ಬಂದ. ಕ್ಯಾಬಿನೆಟ್ಟಿನ ಮುಂದಿನ ಹಾರವನ್ನು ಎತ್ತಿಯೂ ನೋಡಲಿಲ್ಲ. ಪಕ್ಕದ ತಗಡು ಬಿಚ್ಚಲು ಹೋದ, ದಾರ ಅಡ್ಡ ಬಂತು. ಸಂದಿಯಲ್ಲೇ ಬಾಯಿಟ್ಟು ಧೂಳು ಊದಿದ. ಆ ಊದಿದ್ದರಲ್ಲಿ ಧೂಳು ಎಷ್ಟು ಹಾರಿತೋ, ಕೆಂಪು ಹನಿಗಳು ಅಷ್ಟೇ ಒಳಗೆ ಹೋದವು. ನಂತರ ಪರದೆ ನೋಡಿ, "ಡಿಸ್ಕ್ ಖತಮ್, ಕಾಕಾ. ಅಂದರ್ ಕಾ ಸಬ್ ಗಯಾ" ಎಂದು ಒಂದೇ ಮಾತಿನಲ್ಲಿ ಮುಗಿಸಿದ. ಒಳಗಿದ್ದದ್ದೆಲ್ಲ ಹೋಯಿತು ಎಂದು ಹೇಳುವ ಮೊದಲು ಒಳಗೆ ಏನಿತ್ತು ಎಂದಾದರೂ ಕೇಳಬೇಡವೇ? ಕೇಳಲಿಲ್ಲ. ಅಂಗಡಿಗೆ ಒಯ್ದು ಹೊಸ ಡಿಸ್ಕ್ ಹಾಕುತ್ತೇನೆ, ಹಳೆಯದು ನನಗಿರಲಿ ಎಂದನಂತೆ.

ಅಪ್ಪ ಹೂಂ ಎಂದುಬಿಟ್ಟಿದ್ದರು. ಅಡ್ಡ ನಿಂತವಳು ಅವ್ವ. "ದಾರ ಹರಿಯೂತನಕ ಅದು ಮನಿ ಬಿಟ್ಟು ಹೋಗಂಗಿಲ್ಲ" ಎಂದು ಅವನನ್ನು ಬಾಗಿಲಿನಿಂದ ಆಚೆ ಕಳಿಸಿದಳು. ಯಾವ ದಾರಕ್ಕೆ ನಾನು ಮೂಗು ಮುರಿಯುತ್ತಿದ್ದೆನೋ ಅದೇ ಅಪ್ಪನ ಡಿಸ್ಕನ್ನು ಆ ಮನುಷ್ಯನ ಚೀಲಕ್ಕೆ ಬೀಳದಂತೆ ಕಾಪಾಡಿತು.

ದೀಪಾವಳಿ ಹತ್ತಿರ ಬಂದಾಗ ಅವ್ವನ ಫೋನ್ ಬಂತು. "ನಿಮ್ಮಪ್ಪ ಕಂಪ್ಯೂಟರ್ ಕಡೀಗಿ ಹಣಿಕಿ ಸುದ್ದಾ ಹಾಕವಲ್ರು. ಬಿಡಕಿನ್ ಕಡಿಂದ ಒಬ್ಬಾಕಿ ಬಂದಿದ್ಲು, ಮಗಳ ಲಗ್ನದ ಪತ್ರಿಕಿ ಬೇಕಂತ. ಎರಡ್ ಸಲ ತಿರುಗಿ ಕಳಿಸ್ಯಾರ. ನನ್ನ ಕೈಲಿ ಆಗಂಗಿಲ್ಲ, ನನ್ನ ಕೈಯೇ ಸರಿ ಇಲ್ಲ ಅಂತಾರ. ಪತ್ರಿಕಿ ಬರೀಲಿಕ್ಕ ಯಾರರೆ ಬಂದ್ರ ಒಳಗ ಹೋಗಿ ಮಕ್ಕೊಂತಾರ. ನೀ ಬಾ."

ಆ ಶನಿವಾರ ಬಸ್ಸು ಹಿಡಿದೆ. ಮುಂದಿನ ಸೀಟಿನ ಹುಡುಗಿ ಅರ್ಧ ದಾರಿಯ ಯೇವಲೆಯವರೆಗೆ ಕಿಟಕಿಯಿಂದ ವಾಂತಿ ಮಾಡಿಕೊಂಡು ಬಂದಳು, ಗಾಳಿಗೆ ಅದು ನನ್ನ ಕಿಟಕಿಯ ಗಾಜಿಗೆ ಬಡಿಯುತ್ತಿತ್ತು. ಊರು ಸೇರುವ ಹೊತ್ತಿಗೆ ಲೋಕದ ಮೇಲೆಯೇ ನನಗೆ ಅಸಹ್ಯ ಹುಟ್ಟಿತ್ತು. ಮನೆಗೆ ಬಂದರೆ ಆ ಬಿಡಕಿನ್ ಹೆಂಗಸು ಮೂರನೆಯ ಸಲ ಬಂದು ಬಾಗಿಲ ಬಳಿ ಕೂತಿದ್ದಳು. ಸೇಡಂ ಕಡೆಯವಳು, ಗಂಡ ಹೆಂಡತಿ ಇಬ್ಬರೂ ಕಟ್ಟಡದ ಕೆಲಸದವರು. ಕಾಲಿನ ಬೆರಳುಗಳ ಸಂದಿನಲ್ಲಿ ಸಿಮೆಂಟು ಒಣಗಿತ್ತು. ತುಳಸಿ ಲಗ್ನ ಆದ ಮೇಲೆ ಮಗಳ ಮದುವೆ. ಮರಾಠಿಯಲ್ಲೇ ಮಾಡಿಸಬಾರದೇ ಎಂದು ಕೇಳಿದೆ. ಕೇಳಿದ ನನ್ನನ್ನು ಅವಳು ತಿಳಿಯದವಳನ್ನು ನೋಡಿದಂತೆ ನೋಡಿದಳು.

"ಮರಾಠಿ ಪತ್ರಿಕಿ ಊರಿಗಿ ಒಯ್ದ್ರ, ಹುಡುಗೀನ ಮರಾಠ್ಯಾರಿಗಿ ಕೊಟ್ಟಾರ ಅಂತಾರ್ರಿ ಅಕ್ಕೋರೆ. ನಮ್ಮತ್ತಿಗಿ ಕನ್ನಡ ಓದ್ಲಿಕ್ಕ ಬರ್ತದ. ಮೊಮ್ಮಗಳ ಹೆಸರ ಓದಬೇಕಂತ ಕುಂತಾಳ."

ಅಪ್ಪ ಒಳಗಿನ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಮಧ್ಯಾಹ್ನ ಮಲಗುವ ಮನುಷ್ಯನಲ್ಲ. ನಾನು ಬಂದಿದ್ದಕ್ಕೆ ಎದ್ದು ಕೂತರು. ಗಡ್ಡ ಬೋಳಿಸಿರಲಿಲ್ಲ.

ಕಂಪ್ಯೂಟರಿನ ಮುಂದೆ ಕೂತೆ. ಹಾರ ಕೊಳೆತಿತ್ತು. ಚೆಂಡು ಹೂವಿನ ತೊಟ್ಟುಗಳು ಕಪ್ಪಾಗಿ ಅಂಟಾಗಿ, ಅವುಗಳ ನಡುವೆ ಕೆಂಪಿರುವೆ ಸಾಲು. ಎರಡು ಬೆರಳಿನಲ್ಲಿ ಹಿಡಿದು ಎತ್ತಿ ಅವ್ವನ ಕೈಗೆ ಕೊಟ್ಟೆ, ಕೈಗೆ ಹತ್ತಿದ ಲೋಳೆಯನ್ನು ಓಢಣಿಗೆ ಒರೆಸಿದೆ. ಬೈಯಲು ಬಾಯಿ ತೆರೆದೆ. ಆಗ ಕಂಡಿತು, ಹಾರದ ಹಿಂದೆ, ಅರಿಶಿನ ಕುಂಕುಮ ಗಟ್ಟಿಯಾಗಿ ಮೆತ್ತಿಕೊಂಡಿದ್ದ ಪೆನ್ ಡ್ರೈವ್. ಮೂರು ಸುತ್ತು ಕೆಂಪು ದಾರ.

"ಇದು ಯಾವಾಗಿನಿಂದ ಇಲ್ಲೇ ಅದ?"

"ಖಂಡೆ ಪೂಜಿ ದಿನದಿಂದ" ಎಂದಳು ಅವ್ವ. "ಕಿತ್ತಗಿತ್ತೀ ನೋಡು ಮತ್ತ."

ಕೀಳುವ ಅಗತ್ಯವಿರಲಿಲ್ಲ. ಕಂಪ್ಯೂಟರ್ ಹಚ್ಚಿ, ಕೂಡಲೇ ಕೀ ಒತ್ತಿ, ಸರದಿ ಬರೆದಿಡುವ ನೀಲಿ ಪರದೆಯೊಳಗೆ ಹೋದೆ. ಸರದಿಯ ಪಟ್ಟಿ ತೆರೆದೆ. ಮೊದಲನೆಯದು ಪೆನ್ ಡ್ರೈವ್. ಎರಡನೆಯದು ಡಿವಿಡಿ. ಮೂರನೆಯದು ಹಾರ್ಡ್ ಡಿಸ್ಕ್. ನಾನು ಇಟ್ಟಂತೆಯೇ ಇತ್ತು. ಯಾರೂ ಮುಟ್ಟಿರಲಿಲ್ಲ. ಮುಟ್ಟಬೇಡಿರೆಂದು ನಾನೇ ಹೇಳಿದ್ದೆನಲ್ಲ.

ಈ ಮನೆಯಲ್ಲಿ ನಾನು ಇಷ್ಟು ವರ್ಷ ಹೇಸಿದ್ದ ಜಿಡ್ಡು, ಹಿಕ್ಕೆ, ಆ ರಿಪೇರಿಯವನ ಉಗುಳು, ಯಾವುದೂ ಯಂತ್ರವನ್ನು ಕೆಡಿಸಿರಲಿಲ್ಲ. ಕೆಡಿಸಿದ್ದು ಟೊಪ್ಪಿಗೆ ಹಾಕಿಕೊಂಡು ಶುಚಿಯಾದ ಕೋಣೆಯಲ್ಲಿ ಕೆಲಸ ಮಾಡುವ ಈ ಕೈ. ಸಂಬಳ ಬರುವುದೇ ಇಂಥದ್ದನ್ನು ಸರಿಯಾಗಿ ಇಡಲಿಕ್ಕೆ. ಹಾರ್ಡ್ ಡಿಸ್ಕನ್ನು ಮೇಲಕ್ಕೆ ತಂದೆ. ಒಂದು ಸಲ, ಎರಡು ಸಲ, ಎರಡೇ ಸಲ ಕೀ ಒತ್ತಿದ್ದು. ಉಳಿಸಿ ಹೊರಬಂದೆ.

ಪರದೆ ಬೆಳಗಿತು. ಅಪ್ಪನ ಫೋಲ್ಡರುಗಳು ಒಂದೊಂದಾಗಿ ಬಂದು ನಿಂತವು, ಮದುವೆ, ವಾಸ್ತು, ಶಿವಗಣಾರಾಧನೆ. ಎಲ್ಲ ಇತ್ತು. ಬಾಗಿಲ ಬಳಿಯ ಹೆಂಗಸು ಎದ್ದು ನಿಂತಳು. ಅಪ್ಪ ಹೊಸ್ತಿಲ ಮೇಲೆ ಬಂದು ನಿಂತರು, ಒಳಗೆ ಬರಲಿಲ್ಲ.

"ಬಂತೇನವ್ವ?" ಎಂದರು. "ನಾ ಕೆಡಿಸಿದ್ದು ಸುದಾರ್ಸಿದಿ. ಶಾಣ್ಯಾಕಿ."

ಅವ್ವ ಆಗಲೇ ಚಹಾಕ್ಕೆ ಇಟ್ಟಿದ್ದಳು. ಸುಮ್ಮನಿದ್ದುಬಿಡುವುದು ಎಷ್ಟು ಸುಲಭವಿತ್ತು. ಒಂದು ಗಳಿಗೆ ಸುಮ್ಮನಿದ್ದೆ ಕೂಡ, ಅದನ್ನೂ ಹೇಳಬೇಕು. ಆ ಒಂದು ಗಳಿಗೆಯಲ್ಲಿ ಶಾಣ್ಯಾಕಿ ಎಂಬ ಮಾತು ನನಗೆ ಹಿತವಾಗಿಯೇ ಇತ್ತು. ಅಷ್ಟರಲ್ಲಿ ಅಪ್ಪ ತಮ್ಮ ಬಲಗೈಯನ್ನು ಎಡಗೈಯಿಂದ ಹಿಡಿದು ನಿಂತಿದ್ದು ಕಣ್ಣಿಗೆ ಬಿತ್ತು, ಅದು ಮತ್ತೆ ಏನಾದರೂ ಮುಟ್ಟೀತೆಂದು ತಡೆದಿಟ್ಟುಕೊಂಡಂತೆ.

"ಅಪ್ಪಾ, ನೀವು ಕೆಡಿಸಿಲ್ಲ. ನಾ ಕೆಡಿಸಿದ್ದೆ. ಹೋದ ವರ್ಷ ಪೆನ್ ಡ್ರೈವ್ ಮೊದಲ ಇಟ್ಟು ತಿರುಗಿ ತೆಗೀಲಿಲ್ಲ. ಅದರ ಸಲುವಾಗೇ ನಿಂತದ. ನಿಮ್ಮ ಕೈದು ಏನೂ ತಪ್ಪಿಲ್ಲ."

ಅಪ್ಪ ನನ್ನನ್ನೇ ನೋಡಿದರು. ನಾನು ಬಂದ ಮೇಲೆ ಮೊದಲ ಸಲ ಅವರ ಮುಖದಲ್ಲಿ ಒಂದು ನಗು ಬಂತು. ಹೆಂಗಸಿನ ಕಡೆ ತಿರುಗಿ, "ನೋಡಿದೇನವ್ವ ನನ್ನ ಮಗಳಿಗಿ? ಅಪ್ಪಗ ಕೆಟ್ಟ ಅನಿಸಬಾರ್ದಂತ ತಪ್ಪು ತನ್ನ ಮ್ಯಾಲ ಹಾಕ್ಕೊಳ್ಳತ್ತಾಳ" ಎಂದರು.

"ಖರೇನೇ ಹೇಳ್ಲತ್ತೀನಪ್ಪಾ. ಬರ್ರಿ, ತೋರಿಸ್ತೀನಿ."

"ಇರಲಿ ಬಿಡವ್ವ. ನಿನಗ ಅಂಥಾ ತಪ್ಪು ಆಗ್ತದೇನು?"

ಮತ್ತೆ ಹೇಳಿದೆ. ಸರದಿ ಎಂದರೇನು, ಅದು ಎಲ್ಲಿ ಇರುತ್ತದೆ, ಯಾಕೆ ನಿಂತಿತು, ಎಲ್ಲ ಬಿಡಿಸಿ ಹೇಳಿದೆ. ಅವರು ಪ್ರೀತಿಯಿಂದ ತಲೆಯಾಡಿಸುತ್ತ ಕೇಳಿದರು, ಮಗು ಹೇಳುವ ಕತೆಗೆ ಹೂಂಗುಟ್ಟಿದಂತೆ. ಒಂದು ಮಾತನ್ನೂ ನಂಬಲಿಲ್ಲ. ನಂಬುವುದಾದರೂ ಹೇಗೆ? ಆ ಯಂತ್ರ ಬಂದ ದಿನದಿಂದ ಅದಕ್ಕೆ ಏನೇ ಆದರೂ ನಾನು ಅವರಿಗೆ ಕೇಳಿದ್ದು ಒಂದೇ ಪ್ರಶ್ನೆ, ಏನ್ ಒತ್ತಿದ್ರಿ. ಆ ಪ್ರಶ್ನೆಯಲ್ಲೇ ಉತ್ತರವೂ ಇರುತ್ತಿತ್ತು.

ನಾನೇ ಟೈಪ್ ಮಾಡಬೇಕೆಂದು ಅಪ್ಪ ಹಟ ಹಿಡಿದರು. ಕನ್ನಡ ಓದಲು ಬರೆಯಲು ನನಗೆ ಕಲಿಸಿದವರು ಅವರೇ, ಆದರೆ ಪತ್ರಿಕೆಯ ಕನ್ನಡ ಬೇರೆ. ಯಾರ ಹೆಸರಿನ ಹಿಂದೆ ಏನು ಬರಬೇಕು, ಯಾವ ಮಠದ ಅಜ್ಜನವರನ್ನು ಎಲ್ಲಿ ನೆನೆಯಬೇಕು, ಸೋದರಮಾವನಿಗೆ ಯಾವ ಸಾಲು, ನನಗೆ ಗೊತ್ತಿಲ್ಲ. ಬರುವುದಿಲ್ಲ ಎಂದೆ. ಆ ಹೆಂಗಸು ಹೆಸರುಗಳನ್ನು ಬರೆಸಿಕೊಂಡು ಬಂದಿದ್ದ ಚೀಟಿಯನ್ನು ಸೆರಗಿನ ಗಂಟಿನಿಂದ ತೆಗೆದು ಅಪ್ಪನ ಮುಂದೆ ಹಿಡಿದಳು. ಬೆವರಿಗೆ ಅದು ಮೆತ್ತಗಾಗಿತ್ತು. ಅಪ್ಪ ಬಹಳ ಹೊತ್ತು ಅದನ್ನೇ ನೋಡಿದರು. ಕೊನೆಗೆ ಕುರ್ಚಿಯ ತುದಿಯಲ್ಲಿ ಕೂತರು, ಬೇರೆಯವರ ಮನೆಯಲ್ಲಿ ಕೂತಂತೆ.

ಮೇಲೆ ದೇವರ ಹೆಸರು ಟೈಪ್ ಮಾಡಿದರು. ಅಕ್ಷರಗಳು ಸರಿಯಾಗಿಯೇ ಬಂದವು, ಕೈ ನಡುಗಲಿಲ್ಲ. ಮುಂದಿನ ಸಾಲಿಗೆ ಹೋಗುವ ದೊಡ್ಡ ಕೀಯ ಮೇಲೆ ಬೆರಳು ತಂದು ಅಲ್ಲೇ ನಿಲ್ಲಿಸಿ, ನನ್ನ ಕಡೆ ತಿರುಗಿದರು.

"ಒತ್ತಲೇನವ್ವ?"

"ಒತ್ತ್ರಿ" ಎಂದೆ.

ಒತ್ತಿದರು. ಎರಡನೆಯ ಸಾಲು ಮುಗಿಸಿ ಮತ್ತೆ ಬೆರಳು ನಿಲ್ಲಿಸಿದರು. "ಒತ್ತಲೇನು?" ಕೇಳಬೇಡಿರಪ್ಪಾ, ನಿಮ್ಮ ಯಂತ್ರ ಅದು, ನಿಮ್ಮ ಕೈಗೆ ಗೊತ್ತಿರುವಷ್ಟು ನನಗೆ ಗೊತ್ತಿಲ್ಲ ಎಂದೆ. ಅವರು ಹೂಂ ಎಂದರು. ಮೂರನೆಯ ಸಾಲಿಗೂ ಕೇಳಿದರು. ಅವ್ವ ತಂದಿಟ್ಟ ಚಹಾ ಕೆನೆಗಟ್ಟಿ ತಣ್ಣಗಾಗುತ್ತಿತ್ತು, ನನಗೆ ಅದನ್ನು ಮುಟ್ಟಲಾಗಲಿಲ್ಲ. ಆ ಪತ್ರಿಕೆಯಲ್ಲಿ ಹದಿನೆಂಟು ಸಾಲುಗಳಿದ್ದವು. ಅಪ್ಪ ಹದಿನೆಂಟು ಸಲ ಕೇಳಿದರು, ನಾನು ಹದಿನೆಂಟು ಸಲ ಒತ್ತ್ರಿ ಎಂದೆ.